ಅನ್ಯಗ್ರಹದ ಆದಿಮ ಜೀವಿ: ಕಲ್ಪನೆಯ ಔಚಿತ್ಯ

ಇಂದಿನ ವಿದ್ಯಾರ್ಥಿಯು ವಿಜ್ಞಾನಕಥೆ ಬರೆಯಲು ಕುಳಿತನೆಂದರೆ ಅನ್ಯಗ್ರಹದವನೊಬ್ಬನು ಹಸಿರು ಮೈ, ದೊಡ್ಡ ತಲೆ, ಮೂರು ಕಣ್ಣುಗಳೊಡನೆ ಅವತರಿಸುವುದು ವಾಡಿಕೆ. ಆ ಮೂರನೆಯ ಕಣ್ಣು ಏತಕ್ಕೆಂದು ಕೇಳಿದರೆ ಉತ್ತರವಿರುವುದಿಲ್ಲ. ಮುಕ್ಕಣ್ಣನಾದ ಪರಶಿವನ ವಿಷಯದಲ್ಲಿ ಈ ಪ್ರಶ್ನೆಯೇ ಏಳದು. ಅಲ್ಲಿ ಅದು ಸಂಕೇತ. ಕಥೆಯ ಪ್ರಾಣಿಯಾದರೋ ಮೇವು ಹುಡುಕಬೇಕು, ವೈರಿಯಿಂದ ತಪ್ಪಿಸಿಕೊಳ್ಳಬೇಕು, ಸಂತಾನವನ್ನು ಬೆಳೆಸಬೇಕು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಅಂಗಾಂಗಗಳಿಗೆಲ್ಲ ಔಚಿತ್ಯವೇ ಜೀವಿತವೆಂದು ಪ್ರತಿಪಾದಿಸಿದನು. ಅನ್ಯಗ್ರಹದ ಜೀವಿಯ ಅಂಗಾಂಗಗಳ ಔಚಿತ್ಯವನ್ನು ನಿರ್ಣಯಿಸುವ ಶಾಸ್ತ್ರವಾದರೆ 1859ರಲ್ಲಿ ಡಾರ್ವಿನ್ನನು ಲೋಕದ ಮುಂದಿಟ್ಟ ವಿಕಾಸವಾದ.

ಕನ್ನಡಿಗರ ಗಂಡಭೇರುಂಡವನ್ನೇ ನೋಡಬಹುದು. ರಾಜಲಾಂಛನವಾಗಿ ಅದರ ಗಾಂಭೀರ್ಯಕ್ಕೆ ಎಣೆಯಿಲ್ಲ. ಅದನ್ನೇ ಜೀವಂತ ಪಕ್ಷಿಯೆಂದು ಭಾವಿಸಿದೊಡನೆ ತೊಡಕುಗಳು ಮುತ್ತುತ್ತವೆ. ಎರಡು ಮಿದುಳುಗಳನ್ನು ಸಾಕುವುದಕ್ಕೆ ಹೆಚ್ಚಿನ ಆಹಾರ ಬೇಕು. ಹಾರುವ ಪ್ರಾಣಿಗೆ ಭಾರವೇ ಶತ್ರು. ಒಂದು ತಲೆ ಮಾಡುವ ಕೆಲಸವನ್ನು ಎರಡು ತಲೆಗಳು ಇನ್ನಷ್ಟು ಚೆನ್ನಾಗಿ ಮಾಡದ ಹೊರತು ಅಂತಹ ವಂಶವು ಉಳಿಯಲಾರದು. ಗಾತ್ರದ ವಿಷಯವೂ ಹಾಗೆಯೇ. ಪ್ರಾಣಿಯೊಂದು ಎಲ್ಲ ದಿಕ್ಕಿನಲ್ಲಿಯೂ ಎರಡು ಪಟ್ಟು ಬೆಳೆದರೆ ತೂಕವು ಎಂಟು ಪಟ್ಟಾಗುತ್ತದೆ, ಎಲುಬಿನ ಅಡ್ಡಕೊಯ್ತದ ವಿಸ್ತಾರವು ಮಾತ್ರ ನಾಲ್ಕೇ ಪಟ್ಟು. ಗೆಲಿಲಿಯೋ 1638ರಷ್ಟು ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದಾನೆ. ಗುರುತ್ವ ಹೆಚ್ಚಿದ ಗ್ರಹದಲ್ಲಿ ತೆಳುಗಾಲಿನ ದೈತ್ಯನಿಗೆ ಸ್ಥಳವಿಲ್ಲ.

ಪರಿಸರವು ದೇಹವನ್ನು ತಿದ್ದುವ ಬಗೆಯನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಬಿಟಿಎಂ ಲೇಔಟ್ ಎಂಬ ಹೆಸರಾಯಿತು. (ಸುಂದರವಾದ ಮೂರು ಹೆಸರುಗಳು ಮೂರು ಪರಭಾಷಾಕ್ಷರಗಳಲ್ಲಿ ಅಡಗಿಹೋದುದು ಬೇರೆಯ ಮಾತು.) ಆ ಬಡಾವಣೆಯ ಅಂಚಿನ ಮಡಿವಾಳ ಕೆರೆಯ ದಂಡೆಯಲ್ಲಿ ನಿಂತವನಿಗೆ ಮೀನುಣ್ಣುವ ಹಕ್ಕಿಗಳ ಒಂದು ಪಾಠಶಾಲೆಯೇ ಕಾಣುತ್ತದೆ. ಹೆಜ್ಜಾರ್ಲೆಯು ಕೊಕ್ಕಿನ ಕೆಳಗಿನ ಚೀಲವನ್ನೇ ಬಲೆಯಾಗಿಸಿ ನೀರನ್ನು ಗೋರುತ್ತದೆ. ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ. ಬೆಳ್ಳಕ್ಕಿಯು ಅಂಚಿನ ತೆಳುನೀರಿನಲ್ಲಿ ನೀಳಗಾಲೂರಿ ಕಾಯುತ್ತದೆ. ಮಿಂಚುಳ್ಳಿಯು ಕೊಂಬೆಯಿಂದ ಬಾಣದಂತೆ ಎರಗುತ್ತದೆ. ಕೆರೆ ಒಂದು, ಆಹಾರ ಒಂದು, ಕೊಕ್ಕು ನಾಲ್ಕು ಬಗೆ. ಅನ್ಯಗ್ರಹದ ಜೀವಿಯನ್ನು ಸೃಷ್ಟಿಸುವವನು ಮೊದಲು ಕೇಳಿಕೊಳ್ಳಬೇಕಾದುದು ಅದರ ರೂಪವನ್ನಲ್ಲ, ಅದರ ಕಸುಬನ್ನು. ನೆರೆಹೊರೆಯ ಪ್ರಾಣಿಗಳು ಬಿಟ್ಟುಕೊಟ್ಟಿರುವ ಯಾವ ಎಡೆಯಲ್ಲಿ ಅದು ಬದುಕುತ್ತದೆ?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಂಗಳೂರಿನ ಕೆರೆಗಳು ಮನುಷ್ಯರು ಕಟ್ಟಿದವು. ಅವುಗಳ ಆಯುಸ್ಸು ಕೆಲವು ಶತಮಾನಗಳದು. ಕೊಕ್ಕುಗಳಾದರೋ ಲಕ್ಷಾಂತರ ವರ್ಷಗಳಿಂದ ಬೇರೆ ಬೇರೆ ಜಲಾಶಯಗಳಲ್ಲಿ ರೂಪುಗೊಂಡವು. ಅಂದರೆ ಜೀವಿಯ ಪೂರ್ವಚರಿತ್ರೆಯು ಅದರ ಈಗಿನ ಮನೆಗಿಂತ ಹಳೆಯದು. ತಿಮಿಂಗಿಲದ ಒಳಗೆ ನೆಲದ ಮೇಲೆ ನಡೆದ ಪೂರ್ವಜರ ಹಿಂಗಾಲಿನ ಮೂಳೆಯ ಶೇಷವು ಇಂದಿಗೂ ಇದೆ. ಕಲ್ಪಿತ ಪ್ರಾಣಿಗೂ ಇಂತಹ ಒಂದೆರಡು ಹಳೆಯ ಗುರುತುಗಳನ್ನು ಕೊಟ್ಟರೆ ಓದುಗನು ತಾನಾಗಿಯೇ ನಂಬುತ್ತಾನೆ.

ಆ ಜೀವಿಗೆ ಬುದ್ಧಿ ಚಿಗುರಿ, ಕೈಗೆ ಕಲ್ಲು ಬಂದ ಹಂತವನ್ನು ಚಿತ್ರಿಸಬೇಕಾದರೆ ಕರ್ನಾಟಕದ ಪ್ರಾಗಿತಿಹಾಸಕ್ಕಿಂತ ಉತ್ತಮ ಗುರು ದೊರೆಯಲಾರದು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧನೆ ನಡೆಸಿ, ಹಳೆಯ ಶಿಲಾಯುಗದ ನೆಲೆಗಳನ್ನು ನೂರಕ್ಕೂ ಮಿಕ್ಕು ಗುರುತಿಸಿದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಕಿತ್ತು, ಬೇರೆ ಗಟ್ಟಿಕಲ್ಲಿನ ಸುತ್ತಿಗೆಗಳಿಂದ ಬಡಿದು ಕೈಗೊಡಲಿಗಳನ್ನು ಮಾಡಿದ ಸ್ಥಳವೇ ದೊರೆತಿದೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲವು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಾಗಿದೆ. ಬೇಸಗೆಯಲ್ಲಿ ಬತ್ತದ ಒರತೆಗಳ ಬಳಿ ಗುಂಪುಗಳು ಕೂಡುತ್ತಿದ್ದುವು, ಮಳೆಗಾಲದಲ್ಲಿ ಚಿಕ್ಕ ಚಿಕ್ಕ ತಂಡಗಳಾಗಿ ಕಣಿವೆಯಲ್ಲೆಲ್ಲ ಚದುರುತ್ತಿದ್ದುವು ಎಂಬುದು ಪದ್ದಯ್ಯನವರ ಊಹೆ. ನೀರು ಎಲ್ಲಿ, ಎಷ್ಟು ತಿಂಗಳು ಎಂಬ ಒಂದೇ ಸಂಗತಿಯಿಂದ ಸಮಾಜದ ರಚನೆ ಹೇಗೆ ಹುಟ್ಟುತ್ತದೆಂಬುದನ್ನು ಕಥೆಗಾರನು ಇಲ್ಲಿ ಕಲಿಯಬಹುದು. ಗ್ರಹದ ಬೇಸಗೆಯನ್ನು ಹತ್ತು ವರ್ಷಗಳಿಗೆ ಹಿಗ್ಗಿಸಿದರೆ ಒರತೆಯ ಬಳಿಯ ಕೂಟವು ಒಂದು ತಲೆಮಾರಿನ ಬಾಳೇ ಆಗಬಹುದು. ಮಳೆ ಬಂದಾಗ ಅಗಲುವುದು ಅವರಿಗೆ ಭಯಂಕರವಾಗಿ ತೋರಬಹುದು. ಕಥೆಯ ಬೀಜವು ಅಲ್ಲಿಯೇ ಇದೆ.

ಆದರೆ ‘ಆದಿಮ’ ಎಂಬ ಶಬ್ದದಲ್ಲಿ ಒಂದು ಅಪಾಯವಿದೆ. ಅನೇಕ ಲೇಖಕರು ಈಗಿನ ಅರಣ್ಯವಾಸಿಗಳ ಉಡುಗೆ, ಕುಣಿತ, ಕೂಗುಗಳನ್ನೇ ಎತ್ತಿಕೊಂಡು, ಬಣ್ಣ ಬದಲಿಸಿ ಅನ್ಯಗ್ರಹದ ಕಾಡುಪ್ರಾಣಿಯೆಂದು ಮುಂದಿಡುತ್ತಾರೆ. ಇದು ಕಲ್ಪನೆಯ ದಾರಿದ್ರ್ಯ ಮಾತ್ರವಲ್ಲ, ಅನ್ಯಾಯವೂ ಹೌದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಭೂತಕಾಲದ ಅವಶೇಷಗಳಲ್ಲ. ಕಾಡಿನ ಗಿಡ, ಜೇನು, ಬೆಂಕಿಗಳನ್ನು ಕುರಿತು ಪಂಡಿತರಿಗಿಂತ ಮಿಗಿಲಾಗಿ ಬಲ್ಲವರು, 2011ರಲ್ಲಿ ಆ ಅರಣ್ಯದ ಮೇಲೆ ಸಾಮುದಾಯಿಕ ಹಕ್ಕನ್ನು ಕಾನೂನಿನಂತೆ ಪಡೆದ ಪ್ರಜೆಗಳು. ಜೀವವಿಕಾಸದಲ್ಲಿ ಮೇಲು ಕೀಳಿನ ಏಣಿಯಿಲ್ಲ, ಕವಲೊಡೆಯುವ ಮರವಿದೆ. ಸೋಲಿಗರ ಮಗುವೊಂದು ಶಾಲೆಯ ಬೆಂಚಿನಲ್ಲಿ ಕುಳಿತು ಅಂತಹ ಕಥೆಯನ್ನು ಓದಿದರೆ ಏನೆಂದುಕೊಂಡೀತು ಎಂಬುದನ್ನು ಉಪಾಧ್ಯಾಯರು ತಿದ್ದುವಾಗ ನೆನೆಯಬೇಕು.

ಕೊನೆಗೆ ಭಾಷೆ. ಮೂಗಿನಿಂದಲೇ ಲೋಕವನ್ನು ಅರಿಯುವ ಜೀವಿಯಿದ್ದರೆ ಅದರ ನುಡಿಯಲ್ಲಿ ಬಣ್ಣದ ಹೆಸರುಗಳು ವಿರಳವಾಗಿ, ವಾಸನೆಯ ಹೆಸರುಗಳು ನೂರಾರಾಗಿರಬೇಕು. ಕನ್ನಡದಲ್ಲಿಯೇ ಕಂಪು, ಘಮ, ನಾತ, ಕಮಟು, ಮುಗ್ಗಲು ಎಂದು ಎಷ್ಟೊಂದು ಭೇದಗಳಿವೆ! ಅಡುಗೆಮನೆಯಲ್ಲಿ ವಿಚಾರಿಸಿದರೆ ಇನ್ನಷ್ಟು ದೊರೆತಾವು. ಅನ್ಯಗ್ರಹದ ನಿಘಂಟನ್ನು ಕಟ್ಟಹೊರಟ ವಿದ್ಯಾರ್ಥಿಯು ಅಲ್ಲಿಂದ ಮೊದಲುಮಾಡಬಹುದು.