ವಿಜ್ಞಾನ ಕಥೆಗಳಲ್ಲಿ ಪೌರಾಣಿಕ ದೈತ್ಯರು

ಪುರಾಣಗಳ ದೈತ್ಯರನ್ನೂ ದೇವತೆಗಳನ್ನೂ ಬಹು ಹಿಂದೆ ಭೂಮಿಗೆ ಬಂದ ಅನ್ಯಗ್ರಹ ಜೀವಿಗಳೆಂದು ಚಿತ್ರಿಸುವುದು ವಿಜ್ಞಾನ ಕಥಾಸಾಹಿತ್ಯದ ಪರಿಚಿತ ವಸ್ತುಗಳಲ್ಲಿ ಒಂದು. ಇಂಥ ಕಥೆಗಳಲ್ಲಿ ಪವಾಡವು ಯಂತ್ರಕೌಶಲವಾಗಿಯೂ ವರ-ಶಾಪಗಳು ಜೈವಿಕ ಪ್ರಯೋಗಗಳಾಗಿಯೂ ಮಾರ್ಪಡುತ್ತವೆ.

ಪ್ರಮುಖ ಕೃತಿಗಳು

ಆರ್ಥರ್ ಸಿ. ಕ್ಲಾರ್ಕ್ ಅವರ 'ಚೈಲ್ಡ್‌ಹುಡ್ಸ್ ಎಂಡ್' (1953) ಕಾದಂಬರಿಯ ಅನ್ಯಲೋಕದವರಿಗೆ ಕ್ರೈಸ್ತ ಪರಂಪರೆಯ ಸೈತಾನನಂತೆ ಕೊಂಬು, ರೆಕ್ಕೆಗಳಿವೆ. ಎರಿಕ್ ಫಾನ್ ಡ್ಯಾನಿಕೆನ್ 1968ರ ತಮ್ಮ ಪುಸ್ತಕದಲ್ಲಿ ಪ್ರಾಚೀನರ ದೇವರುಗಳು ಗಗನಯಾತ್ರಿಗಳೆಂದು ವಾದಿಸಿದರು. ಅದು ಕಥೆಯಾಗಿ ಅಲ್ಲ, ಸತ್ಯವೆಂದೇ ಪ್ರಚಾರ ಪಡೆಯಿತು. ಪುರಾತತ್ತ್ವಜ್ಞರು ಅದನ್ನು ಒಪ್ಪಿಲ್ಲ. ಜ್ಯಾಕ್ ಕರ್ಬಿಯವರ ಚಿತ್ರಕಥಾಮಾಲೆ 'ದಿ ಎಟರ್ನಲ್ಸ್' (1976) ಮತ್ತು ರಿಡ್ಲಿ ಸ್ಕಾಟ್ ಅವರ ಚಲನಚಿತ್ರ 'ಪ್ರೊಮೀಥಿಯಸ್' (2012) ಇದೇ ಕಲ್ಪನೆಯನ್ನು ಬೆಳೆಸಿದವು. ಎರಡನೆಯದರ ಹೆಸರೇ ಗ್ರೀಕ್ ಪುರಾಣದ ಟೈಟನ್ ಒಬ್ಬನದು.

ಕರ್ನಾಟಕದ ಬೂದಿದಿಬ್ಬಗಳು

ದೊಡ್ಡ ಅವಶೇಷವೊಂದನ್ನು ಕಂಡು ಅದನ್ನು ಅಮಾನುಷ ದೇಹಕ್ಕೆ ಸಲ್ಲಿಸುವ ರೂಢಿ ವಿಜ್ಞಾನ ಕಥೆಗಿಂತ ಬಹಳ ಹಳೆಯದು. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬೂದಿದಿಬ್ಬವು ಸುಟ್ಟ ರಾಕ್ಷಸರ ಅವಶೇಷವೆಂಬ ಐತಿಹ್ಯವಿತ್ತು. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆನ್ನುತ್ತಾರೆ. ಈ ದಿಬ್ಬಗಳಲ್ಲಿ ಕಿಟ್ಟದಂತೆ ಕರಗಿ ಗಟ್ಟಿಯಾದ ಪದರಗಳೂ ಇರುವುದರಿಂದ ಭಾರಿ ಬೆಂಕಿಯೊಂದನ್ನು ಊಹಿಸಿದ್ದು ಅಸಹಜವೇನಲ್ಲ. ಬೆಂಕಿ ನಿಜವಾದದ್ದೇ, ಉರಿದದ್ದು ಮಾತ್ರ ಸಗಣಿ.

ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಇವು ದನದ ದೊಡ್ಡಿಗಳ ಸಗಣಿ ಸುಟ್ಟು ಆದವೆಂದು ಸೂಚಿಸಿದ್ದರು. ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ನೆರೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ಬೂದಿದಿಬ್ಬದ ಜೊತೆಗೆ ನವಶಿಲಾಯುಗದ ವಸತಿಯ ನೆಲೆಯೂ ದನಗಳನ್ನು ಕಡಿದು ಮಾಂಸ ಹಸನುಮಾಡುತ್ತಿದ್ದ ನೆಲವೂ ದೊರೆತವು. ಸಗಣಿಯನ್ನು ಸುಟ್ಟದ್ದು ಆಚರಣೆಗಾಗಿಯೋ ಸ್ವಚ್ಛತೆಗಾಗಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ವಿಮರ್ಶೆ

ಪ್ರಾಚೀನ ನಿರ್ಮಿತಿಗಳನ್ನು ಅನ್ಯಗ್ರಹದವರಿಗೆ ಸಲ್ಲಿಸುವ ವಾದವು ಅವುಗಳನ್ನು ಕಟ್ಟಿದ ಜನರ ಶ್ರಮವನ್ನು ಅಳಿಸಿಹಾಕುತ್ತದೆ ಎಂಬುದು ಅದರ ಮೇಲಿನ ಮುಖ್ಯ ಆಕ್ಷೇಪ. ಈ ಆಕ್ಷೇಪವು ಕಥೆಗಿಂತ ಡ್ಯಾನಿಕೆನ್ ಬಗೆಯ ವಾದಕ್ಕೆ ಹೆಚ್ಚು ಅನ್ವಯಿಸುತ್ತದೆ. ಕಥೆಯು ತಾನು ಕಲ್ಪನೆಯೆಂದು ಮೊದಲೇ ಒಪ್ಪಿಕೊಂಡಿರುತ್ತದೆ. ಬೂದಿದಿಬ್ಬಗಳ ಮಟ್ಟಿಗಂತೂ ಕಟ್ಟಿದವರ ಗುರುತು ನೇರವಾಗಿಯೇ ಉಳಿದಿದೆ. ಎಫ್. ಆರ್. ಆಲ್ಚಿನ್ 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಬೇಲಿಗೂಟಗಳ ಕುಳಿಗಳೂ ದನಗಳ ಗೊರಸಿನ ಅಚ್ಚುಗಳೂ ಕಂಡುಬಂದವು.