ಕನ್ನಡಿ ಹೋದರೂ ಮಸೂರ ಉಳಿಯಲಿ

ಮೈಸೂರಿನ ಛಾಯಾಗ್ರಾಹಕರಿಗೆ ಪ್ರಲೋಭನೆಗಳು ಎರಡು: ದಸರೆಯ ಇರುಳಿನಲ್ಲಿ ಬೆಳಗುವ ಅರಮನೆ, ಊರಿಗೆ ಸಮೀಪದ ರಂಗನತಿಟ್ಟಿನ ಹಕ್ಕಿಗಳು. ಮೊದಲನೆಯದಕ್ಕೆ ಅಗಲ ನೋಟದ ಮಸೂರ ಬೇಕು. ಎರಡನೆಯದಕ್ಕೆ ದೂರವನ್ನು ಹತ್ತಿರ ತರುವ ಟೆಲಿಫೋಟೊ. ಕನ್ನಡಿಯ ಕ್ಯಾಮೆರಾವನ್ನು ಬಿಟ್ಟು ‘ಮಿರರ್‌ಲೆಸ್’ ಕೊಳ್ಳುವ ಸಂಸಾರಸ್ಥರು ಇವೆರಡನ್ನೂ ಮಾರಿಬಿಡಬೇಕೆ? ಅವಸರ ಬೇಡ.

ಹಳೆಯ ಕ್ಯಾಮೆರಾದಲ್ಲಿ ಮಸೂರಕ್ಕೂ ಬಿಂಬ ಮೂಡುವ ಫಲಕಕ್ಕೂ ನಡುವೆ ಕನ್ನಡಿ ಮೇಲೇಳಲು ಎಡೆ ಬೇಕಾಗಿತ್ತು. 1959ರ ನಿಕಾನ್ ‘ಎಫ್’ ಜೋಡಣೆಯಲ್ಲಿ ಆ ಅಂತರ 46.5 ಮಿಲಿಮೀಟರ್, 2018ರ ‘ಝಡ್’ ಜೋಡಣೆಯಲ್ಲಿ ಕೇವಲ 16. ಕ್ಯಾನನ್‌ನಲ್ಲಿಯೂ 44 ಇದ್ದುದು ಅದೇ ವರ್ಷ 20ಕ್ಕಿಳಿಯಿತು. ಈ ಕೊರತೆಯನ್ನು ತುಂಬುವ ಬಳೆಯೇ ಅಡಾಪ್ಟರ್. ನಿಕಾನ್‌ನ ಬಳೆಯೊಳಗೆ ಗಾಜಿಲ್ಲವಾದ್ದರಿಂದ ಬಿಂಬ ಕೆಡದು.

ಆದರೆ ಅದರಲ್ಲಿ ಮೋಟಾರೂ ಇಲ್ಲ! ತಮ್ಮೊಳಗೇ ಮೋಟಾರುಳ್ಳ ‘ಎಎಫ್-ಎಸ್’ ಮಸೂರಗಳು ತಾವಾಗಿಯೇ ಫೋಕಸ್ ಆಗುತ್ತವೆ. ಹಳೆಯ ‘ಎಎಫ್-ಡಿ’ಗಳನ್ನು ಕೈಯಿಂದ ತಿರುಗಿಸಬೇಕು. ಅರಮನೆ ಅಲುಗದು, ಅದಕ್ಕೆ ಕೈಯೇ ಸಾಕು. ಹಾರುವ ಬಣ್ಣದ ಕೊಕ್ಕರೆ ಕಾದು ನಿಂತೀತೆ?

ಆದುದರಿಂದ ಟೆಲಿಫೋಟೊದಲ್ಲಿ ಮೋಟಾರಿಲ್ಲದಿದ್ದರೆ ಮೊದಲು ಅದನ್ನೇ ಬದಲಿಸುವುದು ಯುಕ್ತ. ಇದ್ದರೆ ಮೊದಲ ಹಣ ಅಗಲ ಮಸೂರಕ್ಕೆ ಸಲ್ಲಲಿ. ಅಂತರ ಕುಗ್ಗಿದ ಲಾಭ ಹೆಚ್ಚಾಗಿ ದಕ್ಕುವುದು ಅದರ ರಚನೆಗೇ. ದುಬಾರಿಯ ಟೆಲಿಫೋಟೊ ಬಳೆ ತೊಟ್ಟುಕೊಂಡು ಇನ್ನೂ ಕೆಲವು ವರ್ಷ ರಂಗನತಿಟ್ಟಿನ ದೋಣಿ ಹತ್ತಲಿ.