ನಿಮಗಿದು ಗೊತ್ತೆ? ಮಗುವಿನ ಹೊಟ್ಟೆಯೊಳಗಿನ ದ್ರವಚೀಲ

ಸಣ್ಣ ಕರುಳನ್ನು ಹೊಟ್ಟೆಯ ಹಿಂಗೋಡೆಗೆ ತೂಗುಹಾಕಿ, ಅದಕ್ಕೆ ರಕ್ತನಾಳಗಳನ್ನು ತಲುಪಿಸುವ ಮಡಿಕೆಯಂಥ ಪೊರೆಗೆ ಮೆಸೆಂಟರಿ ಎಂದು ಹೆಸರು. ಈ ಪೊರೆಯಲ್ಲಿನ ದುಗ್ಧರಸನಾಳಗಳು, ಅಂದರೆ ಅಂಗಾಂಶಗಳಲ್ಲಿ ಮಿಕ್ಕ ದ್ರವವನ್ನು ರಕ್ತಕ್ಕೆ ಮರಳಿಸುವ ಸೂಕ್ಷ್ಮ ಕೊಳವೆಗಳು, ಭ್ರೂಣದ ಬೆಳವಣಿಗೆಯಲ್ಲಿ ಸರಿಯಾಗಿ ಕೂಡಿಕೊಳ್ಳದಿದ್ದಾಗ ಅಲ್ಲಿ ದ್ರವ ಶೇಖರವಾಗಿ ಚೀಲದಂಥ ಗಂಟು, ಅಂದರೆ ಸಿಸ್ಟ್, ಬೆಳೆಯುತ್ತದೆಂಬುದು ಹೆಚ್ಚು ಮನ್ನಣೆ ಪಡೆದ ವಿವರಣೆ. ಕ್ಯಾನ್ಸರ್ ಅಲ್ಲದ ಈ ಗಂಟು, ಆಸ್ಪತ್ರೆಗೆ ದಾಖಲಾಗುವ ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಕಾಣಿಸುವಷ್ಟು ಅಪರೂಪ.

ಇದರ ಮೊದಲ ವರ್ಣನೆ ಫ್ಲಾರೆನ್ಸ್‌ನ ವೈದ್ಯ ಆಂಟೋನಿಯೊ ಬೆನಿವಿಯೇನಿಯದು. ಬಾಲಕನೊಬ್ಬನ ಶವಪರೀಕ್ಷೆಯಲ್ಲಿ ಕಂಡದ್ದನ್ನು ಆತ ದಾಖಲಿಸಿದ್ದು, ಅದು ಅಚ್ಚಾದ 1507ರ ಹೊತ್ತಿಗೆ ಆತನೇ ಬದುಕಿರಲಿಲ್ಲ. ಫ್ರಾನ್ಸಿನ ಶಸ್ತ್ರಚಿಕಿತ್ಸಕ ಟಿಲೊ ಇಂಥ ಗಂಟನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದದ್ದು 1880ರಲ್ಲಿ.

ಈ ಗಂಟಿನಿಂದ ಹೊಟ್ಟೆಯು ನೋವಿಲ್ಲದೆ ನಿಧಾನವಾಗಿ ಉಬ್ಬಬಹುದು. ಗಂಟಿನೊಳಗೆ ರಕ್ತ ಸೋರಿದರೆ ಅಥವಾ ಅದರ ಭಾರಕ್ಕೆ ಕರುಳು ತಿರುಚಿಕೊಂಡರೆ ಹಠಾತ್ ನೋವು, ವಾಂತಿ ಕಾಣಿಸಿ, ಅಪೆಂಡಿಸೈಟಿಸ್ ಎಂದೇ ಭ್ರಮೆ ಹುಟ್ಟುವುದುಂಟು. ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪೊರೆಯಾದ ಓಮೆಂಟಮ್‌ನಲ್ಲೂ ಇಂಥ ಸಿಸ್ಟ್ ಬೆಳೆಯಬಹುದು; ದೊಡ್ಡದಾದರೆ ಅದು ಇನ್ನೂ ಮೋಸಗಾರ, ಹೊಟ್ಟೆಯಲ್ಲಿ ನೀರು ತುಂಬುವ ಜಲೋದರವನ್ನೇ ಹೋಲುತ್ತದೆ. ವಿಕಿರಣವಿಲ್ಲದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಚೀಲದೊಳಗಿನ ತೆಳುವಾದ ಅಡ್ಡಗೋಡೆಗಳು ಗೋಚರಿಸುವುದರಿಂದ ಮಕ್ಕಳಲ್ಲಿ ಅದಕ್ಕೇ ಮೊದಲ ಆದ್ಯತೆ.

ಸೂಜಿಯಿಂದ ದ್ರವ ಹೀರಿದರೆ ಅದು ಮತ್ತೆ ತುಂಬಿಕೊಳ್ಳುವುದರಿಂದ ಇಡೀ ಗಂಟನ್ನೇ ಬಿಡಿಸಿ ತೆಗೆಯುವುದು ಉತ್ತಮ. ಓಮೆಂಟಮ್‌ನಲ್ಲಿ ಇದು ಸುಲಭ. ಮೆಸೆಂಟರಿಯಲ್ಲಿ ಗಂಟು ಕರುಳಿಗೂ ರಕ್ತನಾಳಗಳಿಗೂ ಅಂಟಿಕೊಂಡಿದ್ದರೆ ಕರುಳಿನ ಆ ತುಂಡನ್ನೂ ಕತ್ತರಿಸಿ, ಉಳಿದ ತುದಿಗಳನ್ನು ಜೋಡಿಸಿ ಹೊಲಿಯಬೇಕಾಗುತ್ತದೆ.